ಕರೆಯದೆ ಬಂದ ನಾಯಿ, ಜಾಗ ಬಿಟ್ಟು ನಿಂತ ಎತ್ತು

ಫೆಬ್ರವರಿ ಎರಡನೇ ವಾರ ಬಂತೆಂದರೆ ನಮ್ಮ ನ್ಯಾಮತಿ ಕಡೆಯ ರಸ್ತೆಗಳ ಮೇಲೆ ನಡೆಯುವವರ ಸಾಲು ಶುರುವಾಗುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ಬಳ್ಳಾರಿ ಸೀಮೆಯ ತಾಂಡಾಗಳಿಂದ ಮಾಲೆ ಹಾಕಿಕೊಂಡ ಲಂಬಾಣಿಗಳು ಬಿಳಿ ಬಾವುಟ ಹಿಡಿದು ಸೂರಗೊಂಡನಕೊಪ್ಪಕ್ಕೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ನಮಗೆ ಅದು ಕೊಪ್ಪ, ಅವರಿಗೆ ಭಾಯಾಗಡ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ ಜಾಗ. ಜಯಂತಿಯ ದಿನಕ್ಕೆ ಮುಟ್ಟಬೇಕೆಂದು ಎಷ್ಟೋ ಜನ ಹತ್ತು ಹದಿನೈದು ದಿನ ಮೊದಲೇ ಮನೆ ಬಿಟ್ಟಿರುತ್ತಾರೆ. ರಸ್ತೆ ಬದಿಯ ಊರುಗಳವರು ಅರವಟ್ಟಿಗೆ ಹಾಕಿ ಮಜ್ಜಿಗೆ, ಪಾನಕ, ಬಾಳೆಹಣ್ಣು ಕೊಡುತ್ತಾರೆ. ನಮ್ಮ ಮನೆಯ ಮುಂದೆಯೂ ಒಂದು ಹಂಡೆ ಮಜ್ಜಿಗೆ ಇಡುವ ರೂಢಿ ನಮ್ಮ ಅಪ್ಪನ ಕಾಲದ್ದು.

ಕೆಲವು ವರ್ಷಗಳ ಹಿಂದೆ ಹಾಗೆ ಬಂದ ಒಂದು ಗುಂಪಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನರಿದ್ದರು. ಮಜ್ಜಿಗೆ ಕುಡಿದು ಬೇವಿನ ಮರದ ನೆರಳಿಗೆ ಕೂತರು. ಅವರ ನಡುವೆ ಒಂದು ನಾಯಿಯೂ ಮಲಗಿತು. ಕಂದು ಬಣ್ಣ, ಎಡಗಿವಿಯ ತುದಿ ಹರಿದಿದೆ, ಪಕ್ಕೆಲುಬು ಎಣಿಸಬಹುದು. ಎಲ್ಲ ಊರಲ್ಲೂ ಇರುವಂಥ ಬೀದಿನಾಯಿ. ಅದರ ಮುಂಗಾಲು ಎರಡಕ್ಕೂ ಹಳೇ ಸೀರೆಯ ಚೂರು ಸುತ್ತಿತ್ತು. ಒಬ್ಬ ಹೆಣ್ಣುಮಗಳು ಅದನ್ನು ಬಿಚ್ಚಿ, ಪುಟ್ಟ ಬಾಟಲಿಯಿಂದ ಹರಳೆಣ್ಣೆ ಸುರಿದು, ಬೆರಳಲ್ಲಿ ಪಾದದ ಸಂದುಗಳಿಗೆ ಹಚ್ಚತೊಡಗಿದಳು. ಪಾದದ ಕರಿ ಮೆತ್ತೆ ಡಾಂಬರಿನ ಕಾವಿಗೆ ಸೀಳಿ, ಒಳಗಿನ ಗುಲಾಬಿ ಮಾಂಸ ಕಾಣುತ್ತಿತ್ತು. ನಾಯಿ ಕುಂಯ್ ಎನ್ನಲಿಲ್ಲ. ಕಣ್ಣು ಮುಚ್ಚಿಕೊಂಡು, ಅವಳ ಮಂಡಿಯ ಮೇಲೆ ಗದ್ದ ಇಟ್ಟುಕೊಂಡಿತ್ತು.

"ಊರಿಂದನೇ ಕರ್ಕೊಂಡು ಬಂದ್ರಾ?" ಎಂದು ಕೇಳಿದೆ.

"ಇಲ್ರಿ ಅಣ್ಣಾರ. ನಾವ್ಯಾಕ ಕರ್ಕೊಂಡು ಬರೂಣು? ತಾಂಡಾ ಬಿಟ್ಟ ದಿನ ಹಿಂದ ಬಂತು. ಕಲ್ಲು ಒಗದ್ವಿ, ಬೈದ್ವಿ, ಒಂದೂರಾಗ ಕಟ್ಟಿನೂ ಹಾಕಿ ಬಂದ್ವಿ. ಹಗ್ಗ ಕಡಕೊಂಡು ಮತ್ತ ಬಂತು. ಹನ್ನೆರಡು ದಿನ ಆತು. ಈಗ ಅದೂ ನಮ್ಮಂಗ ಮಾಲಿ ಹಾಕ್ಕೊಂಡಂಗ."

ಮಾತು ಸುಳ್ಳಲ್ಲ. ಅದರ ಕೊರಳಲ್ಲಿ ಯಾರೋ ಒಂದೆಳೆ ಮಣಿ ಕಟ್ಟಿದ್ದರು.

ಆ ನಾಯಿಯನ್ನು ನೋಡುತ್ತಾ ನನಗೆ ನೆನಪಾದದ್ದು ನಾಯಿಯಲ್ಲ, ಎತ್ತು. ಈ ಜನ ಈ ದಾರಿಗಳಲ್ಲಿ ಪ್ರಾಣಿಯ ಜೊತೆ ನಡೆದದ್ದು ಇದೇ ಮೊದಲಲ್ಲ. ಈಗಿನ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಿದ್ದಾರೆ, ಅವರ ಹಿರಿಯರು ಬರುತ್ತಿದ್ದದ್ದು ಎತ್ತುಗಳ ಹಿಂದೆ. ನಮ್ಮಂಥ ಒಕ್ಕಲು ಮಕ್ಕಳಿಗೆ ಮನೆ ಬೇರೆ, ಪ್ರಯಾಣ ಬೇರೆ. ಮನೆಯಲ್ಲಿ ದನಕರು, ದಾರಿಯಲ್ಲಿ ಕಾಡುಮೃಗ ಎಂಬ ಲೆಕ್ಕ ನಮ್ಮದು. ಲದೇಣಿಯ ಜನಕ್ಕೆ ಹಾಗಿರಲಿಲ್ಲ. ಲದೇಣಿ ಎಂದರೆ ಎತ್ತಿನ ಮೇಲೆ ಹೇರು ಹೇರಿಕೊಂಡು ಊರೂರಿಗೆ ಉಪ್ಪು, ದವಸ ಸಾಗಿಸುವ ಕಸುಬು. ಅವರ ಮನೆಯೇ ನಡೆಯುತ್ತಿತ್ತು. ಮಗು ಹುಟ್ಟಿದ್ದು, ಮದುವೆಯಾದದ್ದು, ಮುದುಕ ಸತ್ತದ್ದು ಎಲ್ಲವೂ ಹೇರೆತ್ತುಗಳ ಗಂಟೆಯ ಸದ್ದಿನೊಳಗೆ.

ಹದಿನೇಳನೇ ಶತಮಾನದಲ್ಲಿ ಭಾರತ ಸುತ್ತಿದ ಫ್ರೆಂಚ್ ವಜ್ರದ ವ್ಯಾಪಾರಿ ಟ್ಯಾವರ್ನಿಯೆ ಇಂಥ ಸಾಲುಗಳನ್ನು ಕಂಡು ಬೆರಗಾಗಿದ್ದ. ಹತ್ತು ಹನ್ನೆರಡು ಸಾವಿರ ಎತ್ತುಗಳು ಒಟ್ಟಿಗೆ ಅಕ್ಕಿ, ಜೋಳ, ಉಪ್ಪು ಹೊತ್ತು ನಡೆಯುವುದನ್ನು ಅವನು ಬರೆದಿಟ್ಟಿದ್ದಾನೆ. ಇಕ್ಕಟ್ಟಿನ ದಾರಿಯಲ್ಲಿ ಎದುರಾದರೆ ಅವು ದಾಟಿ ಹೋಗುವವರೆಗೆ ಎರಡು ಮೂರು ದಿನ ಕಾಯಬೇಕಾಗುತ್ತಿತ್ತಂತೆ. ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿ 1632ರಲ್ಲಿ ಉತ್ತರ ಭಾರತದಲ್ಲಿ ಹದಿನಾಲ್ಕು ಸಾವಿರ ಎತ್ತುಗಳ ಒಂದು ತಾಂಡಾವನ್ನೇ ಎದುರುಗೊಂಡ. ಹೆಂಡತಿ ಮಕ್ಕಳು ಜೊತೆಗೇ ಇರುತ್ತಿದ್ದರು. ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ, ಏಕೆಂದರೆ ಎತ್ತು ಮೇಯಬೇಕು. ಈ ಕೊನೆಯ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಷ್ಟು ದೊಡ್ಡ ವ್ಯಾಪಾರ ದಿನಕ್ಕೆ ಎಷ್ಟು ದೂರ ಹೋಗಬೇಕು ಎಂದು ಗೊತ್ತು ಮಾಡುತ್ತಿದ್ದದ್ದು ಎತ್ತಿನ ಹೊಟ್ಟೆ.

ಇನ್ನೂ ಒಂದು ವಿವರವಿದೆ. ಮಧ್ಯಪ್ರಾಂತ್ಯದ ಜಾತಿ ಬುಡಕಟ್ಟುಗಳ ಬಗ್ಗೆ 1916ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಆರ್.ವಿ. ರಸೆಲ್ ಅದರಲ್ಲಿ ಬಂಜಾರರ, ಅಂದರೆ ನಮ್ಮ ಲಂಬಾಣಿಗಳ, 'ಹಟಾಡಿಯಾ' ಎಂಬ ಎತ್ತಿನ ವಿಷಯ ದಾಖಲಿಸಿದ್ದಾನೆ. ದೇವರಿಗೆ ಬಿಟ್ಟ ಎತ್ತು ಅದು. ಅದರ ಬೆನ್ನಿಗೆ ಯಾವತ್ತೂ ಹೇರು ಹಾಕುವಂತಿಲ್ಲ. ಕೆಂಪು ರೇಷ್ಮೆ ಪಟ್ಟಿ, ಕವಡೆ ಸರ, ಹಿತ್ತಾಳೆ ಸರಪಳಿ, ಗಂಟೆಗಳಿಂದ ಸಿಂಗಾರವಾಗಿ ಸಾಲಿನ ಮುಂದೆ ನಡೆಯುತ್ತದೆ. ದಣಿದು ಎಲ್ಲಿ ಮಲಗಿತೋ ಅಲ್ಲೇ ಆ ದಿನದ ಬಿಡಾರ. ಯಾರಿಗಾದರೂ ಕಾಯಿಲೆಯಾದರೆ ಅದರ ಕಾಲಬುಡಕ್ಕೆ ಕರೆತಂದು ಹರಕೆ ಹೊರುತ್ತಿದ್ದರು. ಲಂಬಾಣಿ ಹೆಣ್ಣುಮಕ್ಕಳ ಉಡುಪಿನ ಕವಡೆ, ಕನ್ನಡಿ, ಕುಚ್ಚುಗಳನ್ನು ನಾವು ಹೊಗಳುತ್ತೇವೆ. ಅದೇ ಕೈಗಳು ಅದೇ ಕವಡೆಯನ್ನು ಎತ್ತಿನ ಕೊರಳಿಗೂ ಪೋಣಿಸಿದ್ದವು.

ನಮ್ಮ ಊರಿನಿಂದ ಮೈಲಿ ದೂರದ ತಾಂಡಾದಲ್ಲಿ ಒಬ್ಬ ಅಜ್ಜ ಇದ್ದರು. ನಮ್ಮಪ್ಪನಿಗೆ ಅವರು 'ನಾಯ್ಕರು', ಅವರಿಗೆ ನಮ್ಮಪ್ಪ 'ಗೌಡ್ರು'. ನನಗೆ ಅಜ್ಜ. ಅವರ ತಾತನ ಕಾಲಕ್ಕೆ ಘಟ್ಟದ ಕೆಳಗಿನಿಂದ ಉಪ್ಪು ತರುತ್ತಿದ್ದದ್ದು ಮುಗಿದು ಹೋಗಿತ್ತು. ಗಾಡಿ ರಸ್ತೆ ಬಂತು, ರೈಲು ಬಂತು, ಹೇರೆತ್ತು ಬೇಡವಾಯಿತು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲು ಹೊರಟಾಗ ಬ್ರಿಟಿಷರಿಗೆ ದವಸ ಹೊರಲು ಇದೇ ಬಂಜಾರರ ಎತ್ತುಗಳು ಬೇಕಾಗಿದ್ದವು. ಅದೇ ಬ್ರಿಟಿಷರ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಮುಂದೆ ಹಲವು ಸೀಮೆಗಳಲ್ಲಿ ಇವರನ್ನೇ ಆ ಪಟ್ಟಿಗೆ ಸೇರಿಸಿತು. ಎತ್ತಿನ ಜೊತೆ ನಡೆಯುವವನು ವ್ಯಾಪಾರಿ, ಎತ್ತಿಲ್ಲದೆ ನಡೆಯುವವನು ಕಳ್ಳ ಎಂದು ಎಣಿಸಿದ ಆ ಅನ್ಯಾಯ ಸ್ವಾತಂತ್ರ್ಯದ ನಂತರ, 1952ರಲ್ಲಿ ತೊಲಗಿತು. ಅಜ್ಜ ಇದನ್ನೆಲ್ಲ ಇಸವಿ ಹಿಡಿದು ಹೇಳುತ್ತಿರಲಿಲ್ಲ. ಅವರ ಬಳಿ ಇದ್ದದ್ದು ಒಂದು ಹಸುಬೆ. ಎತ್ತಿನ ಬೆನ್ನಿನ ಮೇಲೆ ಎರಡು ಪಕ್ಕಕ್ಕೂ ಇಳಿಬೀಳುವ ಜೋಡಿ ಚೀಲ. ಬೆನ್ನಿಗೆ ತಾಗುವ ಕಡೆ ನೇಯ್ಗೆ ಸವೆದು ಕೂದಲಿನಷ್ಟು ತೆಳ್ಳಗಾಗಿತ್ತು. ಅದರೊಳಗೆ ಮೂಗಿಟ್ಟರೆ ನನಗೆ ಧೂಳಿನ ವಾಸನೆಯಷ್ಟೇ ಬರುತ್ತಿತ್ತು, ಅಜ್ಜನಿಗೆ ಎತ್ತಿನ ಬೆವರು ಸಿಗುತ್ತಿತ್ತು.

"ಎತ್ತಿಗೆ ದಾರಿ ಕಲಿಸಾಕೆ ಹೋಗಬಾರದು ತಮ್ಮಾ," ಎನ್ನುತ್ತಿದ್ದರು. "ಒಂದ್ಸಲ ನಡೆದ್ರೆ ಸಾಕು. ಅದು ಕಾಲಾಗೆ ಬರ್ಕಂತತಿ."

ಇದು ಎಷ್ಟು ನಿಜವೆಂದು ನನಗೆ ತಿಳಿದದ್ದು ಆ ಅಜ್ಜನ ಮನೆಯ ಮುಂದೆಯೇ. ನಮ್ಮ ಮನೆಯಲ್ಲಿ ಆಗ ಕೆಂದ, ಕೌಲ ಎಂಬ ಜೋಡಿ ಇತ್ತು. ಕೌಲ ಎಡಗೋಲಿಗೆ, ಕೆಂದ ಬಲಗೋಲಿಗೆ. ಸಂತೆಯಿಂದ ವಾಪಸ್ ಬರುವಾಗ ಅಪ್ಪ ತಾಂಡಾದ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಅಜ್ಜನ ಜೊತೆ ಒಂದು ಬೀಡಿ ಸೇದಿ, ಎರಡು ಮಾತಾಡಿ ಬರುವ ರೂಢಿ. ಒಂದು ರಾತ್ರಿ ಅಪ್ಪ ಗಾಡಿಯಲ್ಲೇ ನಿದ್ದೆ ಹೋಗಿದ್ದರು. ಹತ್ತು ವರ್ಷದ ನಾನು ಹುಲ್ಲಿನ ಮೇಲೆ ಮಲಗಿ ಚುಕ್ಕಿ ನೋಡುತ್ತಿದ್ದೆ. ಹಗ್ಗ ಯಾರ ಕೈಯಲ್ಲೂ ಇರಲಿಲ್ಲ. ತಿರುವು ಬಂತು, ಗಾಡಿ ನಿಂತಿತು. ಎತ್ತುಗಳು ಕೊರಳ ಗಂಟೆ ಅಲುಗಿಸಿ ಉಸಿರು ಬಿಟ್ಟವು. ಒಳಗಿನಿಂದ ಅಜ್ಜ ಲಾಟೀನು ಹಿಡಿದು ಬಂದರು. ಅಪ್ಪನನ್ನು ಎಬ್ಬಿಸಲಿಲ್ಲ. ಎತ್ತುಗಳ ಬಳಿ ಹೋಗಿ, ಎರಡರ ಗಂಗೆದೊಗಲನ್ನೂ ಸವರಿ, ತಮ್ಮ ಭಾಷೆಯಲ್ಲಿ ಏನೋ ಹೇಳಿ, ಬೆನ್ನು ತಟ್ಟಿದರು. ಬಂದವರನ್ನು ಮಾತಾಡಿಸಿ ಕಳಿಸಿದ ಹಾಗೆ. ಗಾಡಿ ಮತ್ತೆ ಹೊರಟಿತು. ಬೆಳಗ್ಗೆ ಹೇಳಿದಾಗ ಅಪ್ಪ ನಂಬಲಿಲ್ಲ.

ಎರಡು ವರ್ಷದ ಮೇಲೆ ಮುಂಗಾರು ಶುರುವಾದಾಗ ಕೆಂದನಿಗೆ ಗಂಟಲುಬೇನೆ ಬಂತು. ಸಂಜೆ ಮೇವು ಮುಟ್ಟಲಿಲ್ಲ, ರಾತ್ರಿಗೆ ಗಂಟಲು ಊದಿ ಉಸಿರು ಗೊರಗೊರ ಎನ್ನತೊಡಗಿತು, ಬೆಳಕು ಹರಿಯುವ ಮೊದಲೇ ಹೋಯಿತು. ಅವ್ವ ಕೊಟ್ಟಿಗೆಯ ಬಾಗಿಲಲ್ಲಿ ಕುಂತು ಅತ್ತದ್ದು, ಅಪ್ಪ ಅಳದೆ ಗುಂಡಿ ತೋಡಿದ್ದು ನೆನಪಿದೆ. ನಾನು ಹೇಳಬೇಕೆಂದಿರುವುದು ಕೌಲನ ವಿಷಯ.

ಮರುದಿನದಿಂದ ಕೌಲನನ್ನು ನೀರಿಗೆ ಬಿಟ್ಟರೆ ಅದು ತೊಟ್ಟಿಗೆ ಹೋಗುವ ಮೊದಲು ಅಂಗಳದ ಗಾಡಿಯ ಹತ್ತಿರ ಹೋಗುತ್ತಿತ್ತು. ಮೂಕಿ ನೆಲಕ್ಕೆ ಊರಿ, ನೊಗ ಕೆಳಗೆ ಬಿದ್ದಿರುತ್ತಿತ್ತು. ಕೌಲ ಎಡಗಡೆಗೆ, ತನ್ನ ಜಾಗಕ್ಕೆ ಸರಿಯಾಗಿ ಹೋಗಿ ನಿಲ್ಲುತ್ತಿತ್ತು. ಬಲಗಡೆ ಒಂದು ಎತ್ತು ನಿಲ್ಲುವಷ್ಟು ಜಾಗ ಹಾಗೇ ಇರುತ್ತಿತ್ತು. ನಡೆಸಿಕೊಂಡು ಹೋದರೂ ಅಷ್ಟೇ. ಓಣಿ ಎಷ್ಟೇ ಅಗಲವಿರಲಿ, ಗೋಡೆಯ ಬದಿಗೆ ಒತ್ತಿಕೊಂಡು ನಡೆಯುತ್ತಿತ್ತು. ನಾನು ಹಗ್ಗ ಹಿಡಿದು ಅದರ ಬಲಕ್ಕೆ ನಡೆಯುತ್ತಿದ್ದೆ. ಒಂದು ದಿನ ನನಗೇ ಹೊಳೆಯಿತು, ನಾನು ನಡೆಯುತ್ತಿರುವುದು ಕೆಂದನ ಜಾಗದಲ್ಲಿ. ಆಮೇಲೆ ಮುಂದೆ ನಡೆಯತೊಡಗಿದೆ. "ಜಾಗ ಬಿಟ್ಟು ನಿಂತೈತಿ ನೋಡು" ಎಂದು ಅಪ್ಪ ಒಮ್ಮೆ ಹೇಳಿ ಒಳಗೆ ಹೋದರು.

ದನದ ಸಂತೆಯಲ್ಲಿ ಜೊತೆ ಹುಡುಕುವಾಗ ಅಪ್ಪ ಹಲ್ಲು ಎಣಿಸಿದರು, ಸುಳಿ ನೋಡಿದರು, ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ವ್ಯಾಪಾರ ಮಾಡಿದರು. ತಂದದ್ದು ಬಾಯಿಗೂಡಿದ ಒಳ್ಳೆಯ ಎತ್ತು. ಆದರೆ ಅದು ಮೊದಲಿನಿಂದ ಎಡಗೋಲಿಗೆ ಹೂಡಿದ ಎತ್ತು. ಬಲಕ್ಕೆ ಬರಲು ಒಪ್ಪದು. ಕೌಲನನ್ನೇ ಬಲಕ್ಕೆ ಹಾಕಿ ನೋಡೋಣ ಎಂದು ಯಾರೋ ಹೇಳಿದರು. ಅಪ್ಪ ಒಪ್ಪಲಿಲ್ಲ. ಸಿಕ್ಕಿದ ಬೆಲೆಗೆ ಅದನ್ನು ಕೊಟ್ಟು, ನಷ್ಟ ಮಾಡಿಕೊಂಡು, ಬಲಗೋಲಿನ ಇನ್ನೊಂದು ಎತ್ತು ತಂದರು. ಆ ವರ್ಷ ನಮ್ಮ ಬಿತ್ತನೆ ಹದಿನೈದು ದಿನ ತಡವಾಯಿತು. ಅದಕ್ಕಾಗಿ ಅಪ್ಪ ನೊಂದುಕೊಂಡದ್ದನ್ನು ನಾನು ಕಾಣಲಿಲ್ಲ.

ಈಗ ಮೆಕ್ಕೆಜೋಳದ ಸೀಮೆಯಾದ ನಮ್ಮ ಕಡೆ ಉಳುಮೆಯೆಲ್ಲ ಟ್ರ್ಯಾಕ್ಟರಿನದ್ದು. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಲು ಎತ್ತು ಇರುವ ಮನೆ ಊರಿಗೆ ನಾಲ್ಕೈದು. ಇದ್ದ ಹಸುಗಳ ಮೇಲೂ 2022ರಲ್ಲಿ ಚರ್ಮಗಂಟು ರೋಗ ಎರಗಿತು. ಮೈ ತುಂಬ ಅಡಿಕೆಯಷ್ಟು ಗಂಟು, ಕಾಲು ಊತ, ಜ್ವರ. ಪಕ್ಕದ ಮನೆಯ ಕರುವಿಗೆ ಬೇವಿನ ಸೊಪ್ಪು, ಅರಿಸಿನ ಅರೆದು ಹಚ್ಚುತ್ತಾ ಆ ಮನೆಯ ಸೊಸೆ ಮೂರು ರಾತ್ರಿ ಕೊಟ್ಟಿಗೆಯಲ್ಲೇ ಮಲಗಿದಳು. ಕರು ಉಳಿಯಲಿಲ್ಲ. ಕೊಟ್ಟಿಗೆಯ ದೀಪ ಆರಿಸಲು ಅವಳಿಗೆ ಎಷ್ಟೋ ದಿನ ಕೈ ಬರಲಿಲ್ಲ.

ಸೇವಾಲಾಲರ ಕಥೆಗಳಲ್ಲಿ ನನಗೆ ಹತ್ತಿರವಾಗುವುದು ಅವರು ದನ ಕಾಯುವ ಹುಡುಗನಾಗಿದ್ದ ಕಾಲದ್ದು. ತಂದೆ ಭೀಮಾ ನಾಯಕ, ತಾಯಿ ಧರ್ಮಿಣಿ. ಹಿಂಡು ದೊಡ್ಡದು. ಹುಡುಗ ಅಡವಿಯಲ್ಲಿ ದನ ಬಿಟ್ಟು, ಮಣ್ಣನ್ನು ಕಲಸಿ ಸಿಹಿ ಶಿರಾ ಮಾಡಿ ಜೊತೆಗಾರರಿಗೆ ಉಣಿಸಿದನಂತೆ. ತಾಂಡಾದ ಅಜ್ಜ ಇದನ್ನು ಪವಾಡವೆಂದು ಹೇಳುತ್ತಿರಲಿಲ್ಲ. "ದನ ಕಾಯೋ ಹುಡುಗ್ರಿಗೆ ಯಾವಾಗ್ಲೂ ಹಸಿವು ತಮ್ಮಾ, ಭಾಯಾಗೆ ಅದು ಗೊತ್ತಿತ್ತು" ಎನ್ನುತ್ತಿದ್ದರು. ಕೊಪ್ಪದಲ್ಲಿ ಇಂದಿಗೂ ಭೋಗ್ ಎಂದರೆ ಕೆಂಡದ ಮೇಲೆ ತುಪ್ಪ, ಸಿಹಿ. ದೀಪಾವಳಿಯಲ್ಲಿ ತಾಂಡಾದ ಹೆಣ್ಣುಮಕ್ಕಳು ಅಮಾವಾಸ್ಯೆಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುತ್ತಾರೆ. ಮರುದಿನ ಅಡವಿಗೆ ಹೋಗಿ ಹೂ ಕಿತ್ತು ತಂದು, ಸಗಣಿಯ ಗುಪ್ಪೆಗಳಿಗೆ ಆ ಹೂ ಸಿಕ್ಕಿಸುತ್ತಾರೆ. ದನವೇ ಇಲ್ಲದ ಮನೆಯವರು ಪಕ್ಕದ ಮನೆಯಿಂದ ಸಗಣಿ ಬೇಡಿ ತಂದು ಈ ಶಾಸ್ತ್ರ ಮಾಡುವುದನ್ನು ಕಂಡಿದ್ದೇನೆ.

ಮನೆಯ ಪ್ರಾಣಿಗಳ ನೆನಪು ಇಷ್ಟು. ದಾರಿಯಲ್ಲಿ ಸಿಕ್ಕವುಗಳಲ್ಲಿ ನನ್ನನ್ನು ಇಂದಿಗೂ ಬಿಡದಿರುವುದು ಜಗಳೂರಿನ ಕೊಂಡುಕುರಿ.

ಜಗಳೂರು ನಮ್ಮ ಜಿಲ್ಲೆಯದೇ ತಾಲ್ಲೂಕು, ಆದರೆ ನ್ಯಾಮತಿಯ ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಅಡಿಕೆ, ತುಂಗಭದ್ರೆಯ ತಂಪು. ಅಲ್ಲಿ ಕುರುಚಲು ಗುಡ್ಡ, ಜಾಲಿ, ಕಲ್ಲು, ಕುರಿಮಂದೆ. ಅಲ್ಲಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಗಳಿಗಾಗಿಯೇ ವನ್ಯಧಾಮವೆಂದು ಘೋಷಿಸಿದರು. ವಿಸ್ತಾರ ಸುಮಾರು 77 ಚದರ ಕಿಲೋಮೀಟರ್. ಜಗತ್ತಿನಲ್ಲಿ ನಾಲ್ಕು ಕೊಂಬಿರುವ ಕಾಡುಪ್ರಾಣಿ ಇದೊಂದೇ. ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಕೊಂಬು ಗಂಡಿಗೆ ಮಾತ್ರ. ಹಿಂದಿನ ಜೋಡಿ ಗೇಣಿಗಿಂತ ಚಿಕ್ಕದು, ಮುಂದಿನ ಜೋಡಿ ಬರೀ ಮೊಳಕೆಯಷ್ಟು.

ಬೇಸಿಗೆಯಲ್ಲಿ, ಅನುಮತಿ ಪಡೆದು ಕಾಡಿನ ಕಾವಲುಗಾರನ ಜೊತೆ ಹೋಗಿದ್ದೆ. ಆತ ಮೊದಲು ತೋರಿಸಿದ್ದು ಹಿಕ್ಕೆಯ ರಾಶಿ. ಕೊಂಡುಕುರಿ ಕಂಡಕಂಡಲ್ಲಿ ಹಿಕ್ಕೆ ಹಾಕುವುದಿಲ್ಲ, ಒಂದು ಜಾಗ ಗೊತ್ತು ಮಾಡಿಕೊಂಡು ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ. ಮೇಲಿನದು ಕರಿ ಮಣಿಯ ಹಾಗೆ ಹೊಳೆಯುತ್ತಿತ್ತು, ಕೆಳಗಿನದು ಒಣಗಿ ಬೂದಿ ಬಣ್ಣ. "ಇವತ್ತು ಬಂದು ಹೋಗೈತಿ ಸಾರ್, ನೀರಿಗೆ ಬರ್ತತಿ, ಕುಂದ್ರಿ" ಎಂದ. ಈ ಪ್ರಾಣಿಗೆ ನೀರು ಆಗಾಗ ಬೇಕೇಬೇಕು. ನೀರಿನಿಂದ ಬಹಳ ದೂರ ಇರಲಾರದು. ಒಂದು ಹೊಂಡದ ಎದುರು, ಪೊದೆಯ ಹಿಂದೆ ಕೂತೆವು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಬಾರದೆಂದು ಆತ ಕಣ್ಣಲ್ಲೇ ಗದರಿಸಿದ.

ಅದು ಬಂದದ್ದು ನನಗೆ ಗೊತ್ತಾಗಲಿಲ್ಲ. ಒಣಹುಲ್ಲಿನ ಬಣ್ಣವೇ ಸ್ವಲ್ಪ ಅಲುಗಿದಂತಾಯಿತು, ಆಮೇಲೆ ಅದಕ್ಕೆ ಕಿವಿ ಮೂಡಿತು. ದೊಡ್ಡ ಕಿವಿ, ಒಳಗೆ ಬಿಳಿ ಕೂದಲು. ಎರಡಡಿ ಎತ್ತರ, ತೂಗಿದರೆ ಇಪ್ಪತ್ತು ಕಿಲೋ. ಕಾಲುಗಳ ಮುಂಭಾಗಕ್ಕೆ ಕಾಡಿಗೆ ಎಳೆದ ಹಾಗೆ ಕಪ್ಪು ಗೀರು. ಮುಳ್ಳು ದಾಟುವವರ ಹಾಗೆ ಒಂದೊಂದೇ ಕಾಲನ್ನು ಎತ್ತರಕ್ಕೆ ಎತ್ತಿ, ತಡೆದು, ಇಟ್ಟು ಬಂತು. ನೀರಿಗೆ ಬಾಯಿ ಹಾಕುವ ಮುನ್ನ ಮೂರು ಸಲ ತಲೆ ಎತ್ತಿತು. ನಾಲ್ಕನೇ ಸಲಕ್ಕೆ ಕುಡಿಯಿತು. ಹಣೆಯ ಮೇಲೆ ಆ ಪುಟ್ಟ ಕೊಂಬುಗಳು, ಕೂಸಿನ ಒಸಡಿನಲ್ಲಿ ಆಗಷ್ಟೇ ಒಡೆದ ಹಲ್ಲಿನಂತೆ, ಬಿಸಿಲಿಗೆ ಮಿಂಚಿದವು. ನೀರು ಗುಟುಕಾಗಿ ಗಂಟಲಿನಲ್ಲಿ ಇಳಿಯುವುದು ಕಾಣುತ್ತಿತ್ತು. ಕೆಂದನ ಗಂಟಲು ನೆನಪಾಯಿತು, ಏಕೆಂದು ನಾನು ಹೇಳಲಾರೆ.

ಆಗ ಗುಡ್ಡದ ಆಚೆಯಿಂದ ಕುರಿಮಂದೆಯ ಸದ್ದು, ಕುರಿಗಾಹಿಯ ಸಿಳ್ಳು ಕೇಳಿಸಿತು. ಕೊಂಡುಕುರಿ ಓಡಲಿಲ್ಲ. ಹುಲ್ಲಿನೊಳಗೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ಕುಗ್ಗಿ ನಿಂತಿತು. ನನ್ನ ಕಣ್ಣೆದುರೇ ಇಲ್ಲವಾಯಿತು. ದೂರದ ಕಾಲುದಾರಿಯಲ್ಲಿ ಕುರಿಗಳು ಸಾಗಿ, ಕುರಿಗಾಹಿ ಸಾಗಿ, ಧೂಳು ಅಡಗಿದ ಮೇಲೆ ಪೊದೆಯೊಳಗೆ ಒಂದು ಸಣ್ಣ ಸರಕ್ ಸದ್ದಾಯಿತು. ಅಷ್ಟೇ.

ಹಿಂದಿರುಗುವಾಗ ಅದರ ಹೆಸರನ್ನೇ ಬಾಯಲ್ಲಿ ಆಡಿಸುತ್ತಿದ್ದೆ. ಕೊಂಡುಕುರಿ. ಅದು ಕುರಿಯಲ್ಲ, ಆದರೂ ಕನ್ನಡದವರು ಅದನ್ನು ಕುರಿ ಎಂದೇ ಕರೆದರು. ನೀರುನಾಯಿ ನಾಯಿಯಲ್ಲ. ಮುಳ್ಳುಹಂದಿ ಹಂದಿಯಲ್ಲ. ಕಾಡುಕೋಣ ನಮ್ಮ ಕೊಟ್ಟಿಗೆಯ ಕೋಣವಲ್ಲ. ಕಾಡಿನಲ್ಲಿ ಹೊಸದೊಂದು ಜೀವ ಕಂಡಾಗ ನಮ್ಮ ಹಿರಿಯರು ಅದನ್ನು ಮನೆಯ ಹಟ್ಟಿಯ ಯಾವುದೋ ಒಂದಕ್ಕೆ ನೆಂಟನನ್ನಾಗಿ ಮಾಡಿ ಹೆಸರಿಟ್ಟರು. ಕುರಿ ಕಾಯುವ ಸೀಮೆಯಲ್ಲಿ ಈ ಹೆಸರು ಆ ಪ್ರಾಣಿಯನ್ನು ಅಷ್ಟಿಷ್ಟು ಕಾಪಾಡಿದೆ ಎಂದು ನನ್ನ ನಂಬಿಕೆ. ಕುರಿ ಎಂದ ಮೇಲೆ ಅದಕ್ಕೂ ಒಂದು ಗುಟುಕು ನೀರು ಇರಲಿ ಎನಿಸುತ್ತದೆ.

ಎಲ್ಲ ಭೇಟಿಗಳೂ ಹೀಗೆ ಮೆತ್ತಗಿರುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಕಾಡಾನೆಯೊಂದು ಒಬ್ಬ ಹುಡುಗಿಯ ಜೀವ ತೆಗೆಯಿತು. ಅದನ್ನು ಹಿಡಿಯಲು ಸಕ್ರೆಬೈಲಿನ ಸಾಕಾನೆಗಳನ್ನು ತಂದರು. ನಮ್ಮ ನ್ಯಾಮತಿ ತಾಲ್ಲೂಕಿನ ಜೀನಹಳ್ಳಿ ಬಳಿ ಕಾರ್ಯಾಚರಣೆ ನಡೆದಾಗ, ಅರಿವಳಿಕೆ ಕೊಡಲು ಹೋದ ಪಶುವೈದ್ಯರ ಮೇಲೆ ಆನೆ ಎರಗಿ ಅವರು ಬಹಳ ಗಾಯಗೊಂಡರು. ಆನೆಗಳ ಗಾಯಕ್ಕೆ ಔಷಧಿ ಹಾಕುತ್ತಲೇ ಬದುಕಿದವರು ಅವರು. ಆ ವಾರ ನಮ್ಮ ಕಡೆ ಕತ್ತಲಾದ ಮೇಲೆ ತೋಟಕ್ಕೆ ನೀರು ಬಿಡಲು ಯಾರೂ ಹೋಗಲಿಲ್ಲ. ಮಕ್ಕಳನ್ನು ಅಂಗಳಕ್ಕೂ ಬಿಡಲಿಲ್ಲ.

ನಾನು ಆನೆಯನ್ನು ನೋಡಲಿಲ್ಲ. ನೋಡಿದ್ದು ಹೆಜ್ಜೆ. ಪರಿಚಯದವರ ಅಡಿಕೆ ತೋಟದ ಬದುವಿನಲ್ಲಿ, ಹನಿ ನೀರಾವರಿಯ ಪೈಪು ಒಡೆದು ಕೆಸರಾದ ಕಡೆ, ಮೊರದಗಲದ ಒಂದು ಗುಂಡಿ. ಅದರೊಳಗೆ ನೀರು ನಿಂತು, ನೀರಿನಲ್ಲಿ ಅಡಿಕೆ ಗರಿಯ ನೆರಳು. ಅಂಚಿನಲ್ಲಿ ಉಗುರಿನ ಅರ್ಧಚಂದ್ರಗಳು ಸ್ಪಷ್ಟವಾಗಿದ್ದವು. ತೋಟದವರ ಹಸು ಆ ದಾರಿಯಲ್ಲೇ ದಿನವೂ ಮೇಯಲು ಹೋಗುವಂಥದ್ದು. ಅವತ್ತು ಗುಂಡಿಯ ಹತ್ತಿರ ಬಂದು ಮೂಗು ಇಳಿಸಿ, ಉಸಿರೆಳೆದು, ಅಲ್ಲೇ ನಿಂತುಬಿಟ್ಟಿತು. ಎಳೆದರೂ ಬರಲಿಲ್ಲ, ಹೊಡೆದರೂ ಬರಲಿಲ್ಲ. ಕೊನೆಗೆ ಬದುವಿನ ಆಚೆ ಸುತ್ತು ಹಾಕಿ ಕರೆದೊಯ್ದರು. ಮಗಳನ್ನು ಕಳೆದುಕೊಂಡ ಮನೆಯ ದುಃಖದ ಎದುರು ಆನೆಯ ಪರವಾಗಿ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಆದರೆ ನಾವು ತೋಟ ಮಾಡಿದ ಕಡೆಯೆಲ್ಲ ಹಿಂದೆ ಏನಿತ್ತು ಎಂಬುದು ಆ ತೋಟದವರಿಗೂ ಗೊತ್ತು, ನನಗೂ ಗೊತ್ತು. ತಾಂಡಾದ ಅಜ್ಜ ಹೇಳಿದ್ದ ಮಾತನ್ನು ಆ ಬದುವಿನ ಮೇಲೆ ನಿಂತು ನೆನೆದೆ. ದಾರಿಯನ್ನು ಕಾಲಿನಲ್ಲಿ ಬರೆದುಕೊಳ್ಳುವುದು ಎತ್ತು ಒಂದೇ ಅಲ್ಲ.

ಮತ್ತೆ ಆ ನಾಯಿಯ ಮಾತಿಗೆ ಬರುತ್ತೇನೆ. ನೆರಳು ತಿರುಗಿದ ಮೇಲೆ ಗುಂಪು ಎದ್ದಿತು. ಹೆಣ್ಣುಮಗಳು ನಾಯಿಯ ಕಾಲಿಗೆ ಹೊಸ ಬಟ್ಟೆ ಸುತ್ತಿದಳು. ಅವ್ವ ಒಳಗಿನಿಂದ ಒಂದು ರೊಟ್ಟಿ ತಂದು ಹಾಲಿನಲ್ಲಿ ನೆನೆಸಿ ಇಟ್ಟರು. ಅದು ಅರ್ಧ ತಿಂದು, ಜನ ಹೊರಟದ್ದು ಕಂಡು, ಉಳಿದರ್ಧ ಬಿಟ್ಟು ಓಡಿತು. ಸೀರೆಯ ಚೂರು ಸುತ್ತಿದ ಕಾಲು ಡಾಂಬರಿನ ಮೇಲೆ ಸದ್ದೇ ಮಾಡಲಿಲ್ಲ.

ಎರಡು ದಿನದ ಮೇಲೆ ಜಯಂತಿಗೆ ನಾನೂ ಕೊಪ್ಪಕ್ಕೆ ಹೋದೆ. ಸಾವಿರಾರು ಜನ. ಭೋಗದ ಹೊಗೆ, ತುಪ್ಪದ ವಾಸನೆ, ನಗಾರಿಯ ಸದ್ದು, ಕನ್ನಡಿಯ ಕುಪ್ಪಸಗಳ ಮೇಲೆ ಬಿಸಿಲು. ಆ ಜನಸಂದಣಿಯಲ್ಲಿ ಒಂದು ನಾಯಿಯನ್ನು ಹುಡುಕುವುದು ಆಗದ ಮಾತು, ಆದರೂ ಹುಡುಕಿದೆ. ಸಿಗಲಿಲ್ಲ. ಮಧ್ಯಾಹ್ನ ವಾಪಸ್ ಹೊರಟು ವಾಹನಗಳು ನಿಂತಿದ್ದ ಬಯಲಿಗೆ ಬಂದಾಗ ಆ ಗುಂಪಿನವರೇ ಕಂಡರು. ಬರುವಾಗ ನಡಿಗೆ, ಹೋಗುವಾಗ ವಾಹನ. ಊರಿನಿಂದ ಬಂದ ಒಂದು ಲಾರಿಯಲ್ಲಿ ಜಾತ್ರೆಯ ಅಡುಗೆ ಪಾತ್ರೆ, ಒಲೆ, ಉಳಿದ ಅಕ್ಕಿ ಗೋಧಿಯ ಗೋಣಿಗಳು. ಅದರ ಹಿಂದೆ ಜನರಿಗೆ ಎರಡು ಟೆಂಪೊ.

ಟೆಂಪೊದ ಚಾಲಕ ಹುಡುಗ ನಾಯಿಯನ್ನು ಒಳಗೆ ಹತ್ತಿಸಲು ಒಪ್ಪುತ್ತಿರಲಿಲ್ಲ. ಹೆಂಗಸರು ಬೇಡಿಕೊಂಡರು. ಹುಡುಗ ತಲೆ ಅಲ್ಲಾಡಿಸಿದ. ನಾಯಿ ಟೈರಿನ ಪಕ್ಕ ಕೂತು ಇವರ ಮುಖ ಅವರ ಮುಖ ನೋಡುತ್ತಿತ್ತು. ಆಗ ಗುಂಪಿನ ಹಿರಿಯರು, ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದವರು, ಹೆಗಲ ಮೇಲಿನ ವಸ್ತ್ರ ಬಿಚ್ಚಿ ಲಾರಿಯ ಹತ್ತಿರ ಹೋದರು. ಗೋಣಿಗಳ ನಡುವೆ ಎರಡನ್ನು ಸರಿಸಿ ಕುಳಿ ಮಾಡಿ, ಅದರಲ್ಲಿ ವಸ್ತ್ರ ಹಾಸಿದರು. ನಾಯಿಯನ್ನು ಎರಡು ಕೈಯಲ್ಲಿ ಎತ್ತಿ ಮೇಲಿಟ್ಟರು. ಅದು ಒಂದು ಸುತ್ತು ತಿರುಗಿ, ಮೂಸಿ, ಬಟ್ಟೆ ಸುತ್ತಿದ ಮುಂಗಾಲುಗಳ ಮೇಲೆ ಗದ್ದ ಇಟ್ಟು ಮಲಗಿತು.

"ಹೋಗೂಣು," ಎಂದರು ಹಿರಿಯರು. ತಾವು ಟೆಂಪೊಗೆ ಹತ್ತಲಿಲ್ಲ. ಲಾರಿಯ ಹಿಂಬದಿಯಲ್ಲೇ, ಗೋಣಿಗಳಿಗೆ ಒರಗಿ, ನಾಯಿಯ ಪಕ್ಕ ಕೂತರು. ಲಾರಿ ಸವಳಂಗದ ರಸ್ತೆಗೆ ತಿರುಗುವವರೆಗೂ ಅವರ ಕೈ ಅದರ ಬೆನ್ನ ಮೇಲೆ ಇತ್ತು.